ಅವ್ವನ ಜೊತೆ ಪಂಜಾಬಿಗೆ: ಅಮೃತಸರ, ಗೋಯಿಂದ್ವಾಲ್, ಆನಂದಪುರ

ನಾಂದೇಡದಿಂದ ಹೊರಟ ರೈಲು

ಬೀದರಿನವರಿಗೆ ಸಿಖ್ಖರು ಹೊಸಬರಲ್ಲ. ನಮ್ಮೂರ ಗುರುದ್ವಾರ ಗುರುನಾನಕ್ ಝೀರಾದ ಬುಗ್ಗೆಯ ನೀರು ಕುಡಿದು, ಅಲ್ಲಿಯ ಲಂಗರಿನಲ್ಲಿ, ಅಂದರೆ ಎಲ್ಲರಿಗೂ ಪುಕ್ಕಟೆ ಬಡಿಸುವ ಅಡುಗೆಮನೆಯಲ್ಲಿ, ಉಂಡು ಬೆಳೆದವರು ನಾವು. ಗುರುದ್ವಾರ ಅಂದರೆ ನಮ್ಮ ಮನೆಯವರಿಗೆ ರವಿವಾರ ಸಂಜೆ ಹೋಗಿ ತಂಪಾಗಿ ಕೂತು ಬರುವ ಜಾಗ. ಆದರೆ ಅಲ್ಲಿಯ ಧರ್ಮಗ್ರಂಥಕ್ಕೆ ಚಾಮರ ಬೀಸುವುದೇಕೆ, ಅರ್ದಾಸ್ ಎಂಬ ಪ್ರಾರ್ಥನೆಯ ಹೊತ್ತಿಗೆ ಎಲ್ಲರೂ ಎದ್ದು ನಿಲ್ಲುವುದೇಕೆ ಎಂದು ಯಾರನ್ನೂ ಕೇಳಿರಲಿಲ್ಲ. ಶಾಲೆಯ ನೌಕರಿಯಿಂದ ನಿವೃತ್ತಳಾದ ಅವ್ವ "ಒಮ್ಮೆ ಅಮೃತಸರಕ್ಕ ಹೋಗಿ ಬರೂಣು, ಮೊಳಕಾಲು ಇನ್ನೂ ನಡೀತಾವ" ಅಂದಳು. ಜನವರಿ ಕೊನೆಯ ವಾರ ಹೊರಟೆವು.

ಬೀದರಿನಿಂದ ನಾಂದೇಡಕ್ಕೆ ಬಸ್ಸು, ಅಲ್ಲಿಂದ ಸಚ್‌ಖಂಡ್ ಎಕ್ಸ್‌ಪ್ರೆಸ್. 1708ರಲ್ಲಿ ಹತ್ತನೆಯ ಗುರು ಗೋಬಿಂದ್ ಸಿಂಗರು ಕೊನೆಯುಸಿರೆಳೆದದ್ದು ನಾಂದೇಡದಲ್ಲಿ. ಇನ್ನು ಮುಂದೆ ದೇಹಧಾರಿ ಗುರು ಇಲ್ಲ, ಗ್ರಂಥವೇ ಗುರು ಎಂದು ಹೇಳಿದ್ದೂ ಅಲ್ಲೇ. ಅಲ್ಲಿನ ಹಜೂರ್ ಸಾಹಿಬ್ ಸಿಖ್ಖರ ಐದು ತಖ್ತುಗಳಲ್ಲಿ, ಅಂದರೆ ಧರ್ಮಪೀಠಗಳಲ್ಲಿ, ಒಂದು. ಹಾಗಾಗಿ ಈ ರೈಲು ತುಂಬ ಯಾತ್ರಿಕರು. ನಮ್ಮೆದುರು ತರ್ನ್ ತಾರನ್ ಕಡೆಯ ಹಿರಿಯ ದಂಪತಿ. ಅವ್ವ ಬುತ್ತಿ ಬಿಚ್ಚಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಮುಂದಿಟ್ಟಳು. ಆ ಬೀಜೀ (ಹಿರಿಯ ಹೆಂಗಸನ್ನು ಅವರು ಕರೆಯುವುದು ಹಾಗೆ) ರೊಟ್ಟಿ ಮುರಿದ ಸದ್ದಿಗೆ ನಕ್ಕು, ಎರಡನೆಯದನ್ನು ತಾನೇ ಕೇಳಿ ತೆಗೆದುಕೊಂಡರು. ಬದಲಿಗೆ ನಮ್ಮ ಕೈಗೆ ತುಪ್ಪ ಒಸರುವ ಪಿನ್ನಿ ಉಂಡೆ ಬಂತು.

ಮಧ್ಯಾಹ್ನ ಔರಂಗಾಬಾದ್ (ಈಗ ಛತ್ರಪತಿ ಸಂಭಾಜಿನಗರ) ನಿಲ್ದಾಣದಲ್ಲಿ ಇದ್ದಕ್ಕಿದ್ದಂತೆ ಬೋಗಿಯೆಲ್ಲ ಖಾಲಿಯಾಯಿತು. ಎಲ್ಲರ ಕೈಯಲ್ಲೂ ಡಬ್ಬಿ, ತಾಟು. ಪ್ಲಾಟ್‌ಫಾರ್ಮಿನ ಮೇಲೆ ಸೇವಾದಾರರು ಬಕೆಟ್ಟುಗಳಲ್ಲಿ ಕಡೀ, ಅನ್ನ, ಪಲ್ಯ ಹಿಡಿದು ಸಾಲಾಗಿ ನಿಂತಿದ್ದರು. ಸೀಟು ಎಸಿಯೋ ಸಾದಾನೋ, ಯಾತ್ರಿಕನೋ ಭೋಪಾಲದಲ್ಲಿ ಇಳಿಯುವ ವ್ಯಾಪಾರಿಯೋ ಎಂದು ಯಾರೂ ನೋಡಲಿಲ್ಲ. ಈ ರೈಲಿಗೆ ದಾರಿಯ ಹಲವು ಊರುಗಳಲ್ಲಿ ಹೀಗೆ ಲಂಗರ್ ಸಿಗುತ್ತದೆ, ದುಡ್ಡು ತಗೊಳ್ಳುವುದಿಲ್ಲ. ಹೋಗುವವರು ಒಂದು ಸ್ಟೀಲ್ ಡಬ್ಬಿ, ಒಂದು ತಾಟು ಮರೆಯದೆ ಇಟ್ಟುಕೊಳ್ಳಿ. ಅವ್ವ ಕಿಟಕಿಯಲ್ಲೇ ಕೂತಿದ್ದಳು, ಒಬ್ಬ ಹುಡುಗ ಓಡಿ ಬಂದು "ಮಾತಾಜೀ, ಡಬ್ಬಿ ಕೊಡಿ" ಎಂದು ತುಂಬಿಸಿ ತಂದುಕೊಟ್ಟ. "ನಮ್ಮ ದಾಸೋಹ ಮಠದಾಗ ಇರ್ತದ, ಇವರದು ರೈಲು ಹತ್ತಿ ಬರ್ತದ" ಅಂದಳು ಅವ್ವ.

ದಿಲ್ಲಿ ದಾಟಿದ ಮೇಲೆ ಮಂಜು. ಕಿಟಕಿಯಾಚೆ ಬಿಳಿ ಬಿಟ್ಟು ಏನೂ ಇಲ್ಲ. ಅಂಬಾಲಾ ಹತ್ತಿರ ರೈಲು ನಿಂತದ್ದು ನಿಂತೇ ಇತ್ತು. ಅಮೃತಸರ ಮುಟ್ಟಿದಾಗ ನಡುರಾತ್ರಿ ಕಳೆದಿತ್ತು. ಡಿಸೆಂಬರ್, ಜನವರಿಯಲ್ಲಿ ಉತ್ತರಕ್ಕೆ ಹೋಗುವವರು ತಲುಪಿದ ದಿನವೇ ಬೇರೆ ಕಾರ್ಯಕ್ರಮ ಇಟ್ಟುಕೊಳ್ಳದಿರುವುದು ಒಳ್ಳೆಯದು.

ಅಮೃತಸರ, ನಸುಕು

ಯಾತ್ರಿನಿವಾಸದಲ್ಲಿ ಬ್ಯಾಗಿಟ್ಟು ಮಲಗುವ ಬದಲು ನೇರ ದರ್ಬಾರ್ ಸಾಹಿಬಿಗೇ, ನಾವು ಸ್ವರ್ಣಮಂದಿರ ಅನ್ನುವಲ್ಲಿಗೇ, ನಡೆದೆವು. ಹೇಗೂ ಇನ್ನು ಕೆಲವೇ ಗಂಟೆಯಲ್ಲಿ ಗ್ರಂಥದ ಪಾಲ್ಕಿ ಹೊರಡುತ್ತದೆ ಎಂದು ಯಾತ್ರಿನಿವಾಸದ ಸೇವಾದಾರರೇ ಹೇಳಿದ್ದರು. ಆ ಸಮಯ ಋತುವಿಗೆ ತಕ್ಕಂತೆ ಬದಲಾಗುವುದರಿಂದ ಹಿಂದಿನ ರಾತ್ರಿಯೇ ಕೇಳಿಟ್ಟುಕೊಳ್ಳಬೇಕು.

ಜೋಡಾ ಘರ್‌ನಲ್ಲಿ ಚಪ್ಪಲಿ ಕೊಟ್ಟು ಬಿಲ್ಲೆ ತೆಗೆದುಕೊಂಡೆವು. ಚಪ್ಪಲಿ ಇಸಿದುಕೊಂಡವರು ಒಳ್ಳೆ ಉಣ್ಣೆ ಕೋಟು ತೊಟ್ಟ, ಬಿಳಿ ಗಡ್ಡದ ಹಿರಿಯರು. ಅವ್ವನ ಧೂಳು ಮೆತ್ತಿದ ಚಪ್ಪಲಿಯನ್ನು ಬಟ್ಟೆಯಿಂದ ಒರೆಸಿ ಗೂಡಿಗಿಟ್ಟರು. ಅವ್ವ ಗಾಬರಿಯಾಗಿ "ಬೇಡ್ರಿ" ಎಂದು ಕನ್ನಡದಲ್ಲೇ ಕೂಗಿದಳು. ಅವರು ಎರಡು ಕೈ ಜೋಡಿಸಿ "ಸೇವಾ ಹೈ ಜೀ" ಅಂದರು. ಪಂಜಾಬಿನಲ್ಲಿ ಇದ್ದಷ್ಟು ದಿನ ನಾವು ಅತಿ ಹೆಚ್ಚು ಕೇಳಿದ ಮಾತು ಇದೇ. ತಲೆಗೆ ಕಟ್ಟಿಕೊಳ್ಳಲು ಬಾಗಿಲಲ್ಲಿ ವಸ್ತ್ರ ಪುಕ್ಕಟೆ ಇಟ್ಟಿರುತ್ತಾರೆ, ನಮ್ಮ ಸೆರಗು, ಶಾಲು ಇದ್ದರೂ ನಡೆಯುತ್ತದೆ. ಬಾಗಿಲಲ್ಲಿ ಹರಿಯುವ ನೀರಲ್ಲಿ ಕಾಲದ್ದಿದರೆ ಹಿಮ ತುಳಿದ ಹಾಗೆ. ಒಳಗೆ ಪರಿಕ್ರಮದ ಅಮೃತಶಿಲೆಯ ಮೇಲೆ ಚಾಪೆ ಹಾಸಿದ್ದರು, ಅದರ ಮೇಲೇ ಅವ್ವನನ್ನು ನಡೆಸಿದೆ.

ಹೊರಗಿನಿಂದ ಒಳಗೆ ಬರಲು ಮೆಟ್ಟಿಲು ಇಳಿಯಬೇಕು. ನಮ್ಮ ಕಡೆಯ ಗುಡಿಗಳಿಗೆ ಹತ್ತಿ ಹೋಗುತ್ತೇವೆ, ಇಲ್ಲಿ ತಗ್ಗಿ ಹೋಗುತ್ತೇವೆ. ನಾಲ್ಕನೆಯ ಗುರು ರಾಮದಾಸರು 1577ರಲ್ಲಿ ತೋಡಿಸಿದ ಸರೋವರ, ಅದರ ನಡುವೆ ಐದನೆಯ ಗುರು ಅರ್ಜನರು ಕಟ್ಟಿಸಿದ ಹರಿಮಂದಿರ. ನಾಲ್ಕು ದಿಕ್ಕಿಗೂ ಬಾಗಿಲು. ಬಂಗಾರದ ತಗಡು ಬಂದದ್ದು ಬಹಳ ತಡವಾಗಿ, ಮಹಾರಾಜ ರಣಜಿತ್ ಸಿಂಗರ ಕಾಲಕ್ಕೆ. ಆ ಹೊತ್ತಿಗೆ ಮಂಜಿನಲ್ಲಿ ಬಂಗಾರ ಕಾಣಲೇ ಇಲ್ಲ, ದೀಪದ ಹಳದಿ ಮಾತ್ರ ನೀರಿನ ಮೇಲೆ ಹರಡಿತ್ತು. ನನಗೆ ಹಗಲಿನ ಹೊಳಪಿಗಿಂತ ಇದೇ ಹೆಚ್ಚು ಇಷ್ಟವಾಯಿತು.

ನರಸಿಂಗಾ ಕಹಳೆ ಮೊಳಗಿತು. ಅಕಾಲ್ ತಖ್ತಿನ ಕಡೆಯಿಂದ ಪಾಲ್ಕಿ ಬಂತು. ರಾತ್ರಿ ಸುಖಾಸನ ಮಾಡಿ ಅಲ್ಲಿ ವಿಶ್ರಾಂತಿಗಿಟ್ಟ ಗುರು ಗ್ರಂಥ ಸಾಹಿಬನ್ನು ನಸುಕಿನಲ್ಲಿ ಹರಿಮಂದಿರಕ್ಕೆ ತಂದು ತೆರೆಯುತ್ತಾರೆ. ತೆರೆಯುವುದಕ್ಕೆ ಪ್ರಕಾಶ್ ಎನ್ನುತ್ತಾರೆ. ಪಾಲ್ಕಿಯ ಕೆಳಗೆ ಹೆಗಲು ಕೊಡಲು ಗಂಡಸರ ನೂಕಾಟ. ಒಬ್ಬನ ಹೆಗಲು ಒಂದೆರಡು ಹೆಜ್ಜೆ, ಅಷ್ಟರಲ್ಲಿ ಮತ್ತೊಬ್ಬನದು. ಎಷ್ಟೋ ಕೈ ದಾಟಿ ಪಾಲ್ಕಿ ನೀರಿನ ಮೇಲಿನ ದಾರಿಗೆ ಬಂತು, ಅಷ್ಟೂ ಹೊತ್ತು ಒಬ್ಬರು ಚೌರಿ ಬೀಸುತ್ತಲೇ ಇದ್ದರು. ಮೂರ್ತಿಯನ್ನು ಒಪ್ಪದ ಧರ್ಮ ಒಂದು ಪುಸ್ತಕವನ್ನು ಹೀಗೆ ನಡೆಸಿಕೊಳ್ಳುವುದನ್ನು ನೋಡಿದಾಗಲೇ ನನಗೆ ತಿಳಿದದ್ದು: ಅದನ್ನು ಅವರು ಪೂಜಿಸುತ್ತಿಲ್ಲ, ಬದುಕಿರುವ ಗುರುವಿನ ಹಾಗೆ ಸತ್ಕರಿಸುತ್ತಿದ್ದಾರೆ. ಬೆಳಿಗ್ಗೆ ಎಬ್ಬಿಸಿ, ಮಾತು ಕೇಳಿ, ರಾತ್ರಿ ಮಲಗಿಸುತ್ತಾರೆ.

ಆ ಮಾತು ಕೇಳುವುದೇ ಹುಕಂನಾಮಾ. ಗ್ರಂಥ ಓದುವವರು ಗ್ರಂಥಿ. ಅವರು ಗ್ರಂಥವನ್ನು ಎಲ್ಲೋ ಒಂದು ಕಡೆ ತೆರೆದು, ಎಡಪುಟದ ಮೇಲ್ಭಾಗದ ಶಬದ್, ಅಂದರೆ ಪದ, ಓದುತ್ತಾರೆ. ಅದು ಹಿಂದಿನ ಪುಟದಲ್ಲಿ ಶುರುವಾಗಿದ್ದರೆ ಪುಟ ತಿರುವಿ ಮೊದಲಿನಿಂದ ಓದುತ್ತಾರೆ. ಆ ದಿನಕ್ಕೆ ಅದೇ ಗುರುವಿನ ಅಪ್ಪಣೆ. ಒಟ್ಟು 1430 ಪುಟ, ಪುಟಕ್ಕೆ ಅಂಗ್ ಎನ್ನುತ್ತಾರೆ. ಗುರುಗಳ ವಾಣಿಯ ಜೊತೆ ಕಬೀರ, ರವಿದಾಸ, ಶೇಖ್ ಫರೀದ್ ಅವರ ಪದಗಳೂ ಇವೆ. ನಮ್ಮ ಪಕ್ಕದ ಹಿಂಗೋಲಿ ಸೀಮೆಯ ನಾಮದೇವರೂ ಇದ್ದಾರೆ ಎಂದು ಹೇಳಿದಾಗ ಅವ್ವನ ಮುಖ ಅರಳಿತು. ಪಂಢರಪುರದ ಅಭಂಗಗಳನ್ನು ಕೇಳಿ ಬೆಳೆದವಳು. ನೇಕಾರ, ಚಮ್ಮಾರ, ಸಿಂಪಿ, ಸೂಫಿ ಎಲ್ಲರ ಮಾತಿಗೂ ಒಂದೇ ಚೌರಿ ಬೀಸುತ್ತದೆ.

ಒಳಗೆ ರಾಗಿಗಳು ಎಂದು ಕರೆಯುವ ಕೀರ್ತನಕಾರರು ಆಸಾ ದೀ ವಾರ್ ಎಂಬ ಬೆಳಗಿನ ಕೀರ್ತನೆ ಹಾಡುತ್ತಿದ್ದರು. ಎದ್ದು ಬರಲು ಮನಸ್ಸಾಗಲಿಲ್ಲ. ಒಂದು ವಿಷಯ ಮಾತ್ರ ಚುಚ್ಚಿತು, ಹೇಳಲೇಬೇಕು: ಈ ಒಳಮಂದಿರದಲ್ಲಿ ಕೀರ್ತನೆ ಹಾಡುವವರು ಗಂಡಸರು ಮಾತ್ರ. ಹೆಣ್ಣುಮಕ್ಕಳಿಗೂ ಅವಕಾಶ ಕೊಡಿ ಎಂದು 2019ರಲ್ಲಿ ಪಂಜಾಬ್ ವಿಧಾನಸಭೆಯೇ ನಿರ್ಣಯ ಮಾಡಿತ್ತು. ಹೆಣ್ಣನ್ನು ಕೀಳೆನ್ನುವುದು ಹೇಗೆ ಎಂದು ನಾನಕರೇ ಕೇಳಿದ ಸಾಲುಗಳು ಇದೇ ಆಸಾ ದೀ ವಾರ್‌ನಲ್ಲಿವೆ.

ಅಮೃತಸರ, ಹಗಲು

ಲಂಗರ್ ಹಾಲಿನಲ್ಲಿ ತಾಟು, ಬಟ್ಟಲು, ಚಮಚ ಕೈಗೆ ಕೊಟ್ಟು ಒಳಗೆ ಬಿಡುತ್ತಾರೆ. ನೆಲದ ಮೇಲೆ ಉದ್ದನೆಯ ಚಾಪೆ, ಬಂದವರು ಬಂದ ಕ್ರಮದಲ್ಲೇ ಕೂರುವುದು. ಇದು ಪಂಗತ್. ಜೊತೆಗೆ ಬಂದವರೇ ಪಕ್ಕದಲ್ಲಿ ಇರಬೇಕೆಂದೇನಿಲ್ಲ. ನನ್ನ ಎಡಕ್ಕೆ ಮಂಜಿನಲ್ಲಿ ರಿಕ್ಷಾ ತುಳಿದು ಬಂದವನು, ಕೈ ಇನ್ನೂ ಸೆಟೆದಿತ್ತು. ಬಲಕ್ಕೆ ಕೆನಡಾದಿಂದ ಬಂದ ಹುಡುಗಿ. ದಾಲ್, ಖೀರು, ಪಲ್ಯ ಬಡಿಸಿದರು. ರೊಟ್ಟಿ ಮಾತ್ರ ತಾಟಿಗೆ ಹಾಕುವುದಿಲ್ಲ. ಎರಡೂ ಅಂಗೈ ಚಾಚಿದರೆ ಅದರ ಮೇಲೆ ಇಡುತ್ತಾರೆ. ಅವ್ವ ಒಂದೇ ಕೈ ಚಾಚಿದ್ದಳು. ಬಡಿಸುವವ ನಿಂತು, ಬೈಯದೆ, ತನ್ನ ಬುಟ್ಟಿ ಕೆಳಗಿಟ್ಟು ತಾನೇ ಎರಡು ಅಂಗೈ ಜೋಡಿಸಿ ತೋರಿಸಿದ. ಅವ್ವ ಹಾಗೇ ಹಿಡಿದಳು. ಎಷ್ಟು ಬೇಕಾದರೂ ಬಡಿಸುತ್ತಾರೆ, ತಾಟಿನಲ್ಲಿ ಬಿಡುವ ಹಾಗಿಲ್ಲ.

ಊಟವಾದ ಮೇಲೆ ಹೊರಗೆ ಬೆಳ್ಳುಳ್ಳಿ ರಾಶಿಯ ಸುತ್ತ ಕೂತ ಹೆಂಗಸರ ಗುಂಪು ಕಂಡಿತು. ಯಾರ ಅಪ್ಪಣೆಯೂ ಬೇಕಿಲ್ಲ, ಹೋಗಿ ಕೂತು ಕೆಲಸ ಹಿಡಿಯುವುದು ಅಷ್ಟೆ. ಅವ್ವನಿಗೆ ನೆಲಕ್ಕೆ ಕೂರಲಾಗದು ಎಂದು ನೋಡಿದ ಒಬ್ಬಾಕೆ ಡಬ್ಬಿಯೊಂದನ್ನು ಬೋರಲು ಹಾಕಿ ಕೂರಿಸಿದಳು. ಅಲ್ಲಿಯ ಹೆಂಗಸರು ಎಸಳನ್ನು ಹಲಗೆಗೆ ಒತ್ತಿ, ಬುಡ ಚಿವುಟಿ ಸಿಪ್ಪೆ ತೆಗೆಯುತ್ತಿದ್ದರು. ಅವ್ವ ನಮ್ಮಲ್ಲಿಯ ಹಾಗೆ ಹಿಡಿತುಂಬ ಎಸಳನ್ನು ಒಣ ಬಟ್ಟೆಯಲ್ಲಿ ಕಟ್ಟಿ ಉಜ್ಜಿದಳು, ಸಿಪ್ಪೆ ಉದುರಿತು. ಸ್ವಲ್ಪ ಹೊತ್ತಿನಲ್ಲಿ ಸುತ್ತಲಿನ ನಾಲ್ಕೈದು ದುಪಟ್ಟಾಗಳು ಹಾಗೇ ಉಜ್ಜುತ್ತಿದ್ದವು. ನಾನು ಪಕ್ಕದ ತೊಟ್ಟಿಗಳಲ್ಲಿ ತಾಟು ತೊಳೆಯಲು ನಿಂತೆ. ಒಮ್ಮೆ ತೊಳೆದ ತಾಟು ಮುಂದಿನ ತೊಟ್ಟಿಗೆ, ಅಲ್ಲಿಂದ ಮತ್ತೊಂದಕ್ಕೆ. ಹಗಲೂ ರಾತ್ರಿ ನಿಲ್ಲದ ಈ ಅಡುಗೆಮನೆಯ ಗದ್ದಲಕ್ಕೆ ಕಿವಿ ಹೊಂದಿಕೊಳ್ಳಲು ಹೊತ್ತು ಬೇಕಾಯಿತು.

ಸಂಜೆ ಅಕಾಲ್ ತಖ್ತಿನ ಮುಂದೆ ನಿಂತೆವು. ತಂದೆ ಅರ್ಜನರು 1606ರಲ್ಲಿ ಲಾಹೋರಿನಲ್ಲಿ ಹುತಾತ್ಮರಾದ ಮೇಲೆ ಆರನೆಯ ಗುರು ಹರಗೋಬಿಂದರು ಎರಡು ಕತ್ತಿ ಧರಿಸಿದರು. ಒಂದು ಮೀರಿ, ಲೋಕದ ಅಧಿಕಾರ. ಇನ್ನೊಂದು ಪೀರಿ, ಆತ್ಮದ ದಾರಿ. ಪಕ್ಕದಲ್ಲೇ ಎರಡು ಎತ್ತರದ ನಿಶಾನ್ ಸಾಹಿಬ್ ಧ್ವಜಸ್ತಂಭಗಳು ಅದನ್ನೇ ಸಾರುತ್ತವೆ. 1984ರ ಜೂನ್ ಸೇನಾ ಕಾರ್ಯಾಚರಣೆಯಲ್ಲಿ ತಖ್ತು ನುಚ್ಚುನೂರಾಗಿತ್ತು, ಈಗ ಕಾಣುವುದು ಮತ್ತೆ ಕಟ್ಟಿದ್ದು. ಜಲಿಯನ್‌ವಾಲಾ ಬಾಗ್ ಕೂಡ ಇಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ಅದನ್ನು ಅವಸರದಲ್ಲಿ ನೋಡಬೇಡಿ, ಬೇರೆ ಹೊತ್ತು ಇಡಿ.

ಗೋಯಿಂದ್ವಾಲ್ ದಾರಿ

ಮರುದಿನ ಬಾಡಿಗೆ ಕಾರು ಮಾಡಿಕೊಂಡು ಗೋಯಿಂದ್ವಾಲಿಗೆ ಹೊರಟೆವು. ತರ್ನ್ ತಾರನ್ ದಾಟಿ ಸ್ವಲ್ಪ ದೂರಕ್ಕೆ ಟೈರು ಪಂಕ್ಚರ್, ಡಿಕ್ಕಿಯಲ್ಲಿದ್ದ ಸ್ಟೆಪ್ನಿಯಲ್ಲೂ ಗಾಳಿ ಇಲ್ಲ. ಎರಡೂ ಕಡೆ ಸಾಸಿವೆ ಹೊಲ, ಹತ್ತು ಮಾರು ಆಚೆ ಏನೂ ಕಾಣದಷ್ಟು ಮಂಜು. ಡ್ರೈವರ್ ಟೈರು ಹಿಡಿದು ಯಾರದೋ ಟ್ರ್ಯಾಕ್ಟರ್ ಹತ್ತಿ ಹೋದ. ಹೊಲದ ಮನೆಯಿಂದ ಒಬ್ಬ ಹೆಂಗಸು ಬಂದು "ಇಲ್ಲೇಕೆ ನಿಂತಿದ್ದೀರಿ ಭೈಣ್‌ಜೀ, ಒಳಗೆ ಬನ್ನಿ, ಮಾತಾಜೀಗೆ ಚಳಿ ಹತ್ತುತ್ತೆ" ಎಂದು ಅವ್ವನ ಕೈ ಹಿಡಿದು ಕರೆದೊಯ್ದಳು.

ಒಲೆಯ ಮೇಲೆ ಸಾಸಿವೆ ಸೊಪ್ಪಿನ ಸಾಗ್ ಕುದಿಯುತ್ತಿತ್ತು. ಮೆಕ್ಕೆಜೋಳದ ಹಿಟ್ಟನ್ನು ಆಕೆ ಅಂಗೈಯಲ್ಲೇ ತಟ್ಟಿ ಕಾವಲಿಗೆ ಹಾಕುವುದನ್ನು ಜೋಳದ ರೊಟ್ಟಿ ಬಡಿಯುವ ಅವ್ವ ಕಣ್ಣು ಕೀಳದೆ ನೋಡಿದಳು. ಬೆಣ್ಣೆ, ಬೆಲ್ಲ, ಹಸಿ ಮೂಲಂಗಿ. ಅಷ್ಟು ಒಳ್ಳೆಯ ಊಟ ಅಮೃತಸರದ ಯಾವ ಢಾಬಾದಲ್ಲೂ ಸಿಗಲಿಲ್ಲ.

ಗೂಡಿನಲ್ಲಿ ರೇಷ್ಮೆ ಬಟ್ಟೆಯಲ್ಲಿ ಸುತ್ತಿದ ಚಿಕ್ಕ ಪುಸ್ತಕ. ನಿತ್ಯ ಪಾಠದ ಗುಟ್ಕಾ ಎಂದಳು. ನಸುಕಿನಲ್ಲಿ ಎದ್ದು ಹಾಲು ಕರೆಯುವಾಗಲೇ ಜಪ್‌ಜೀ ಪ್ರಾರ್ಥನೆ ಬಾಯಿಪಾಠ ಹೇಳಿ ಮುಗಿಸುತ್ತಾಳಂತೆ, ರೆಹ್ರಾಸ್ ಎಂಬ ಪ್ರಾರ್ಥನೆ ಸಂಜೆಗೆ. "ನಾಮ್ ಜಪೋ, ಕಿರತ್ ಕರೋ, ವಂಡ್ ಛಕೋ. ನಮಗೆ ಮೂರೇ ಕೆಲಸ" ಅಂದಳು. ನೆನೆ, ದುಡಿ, ಹಂಚಿ ಉಣ್ಣು. ಗೋಧಿ ಕೊಯ್ಲಾದಾಗ ದಸ್‌ವಂಧ್ ಎಂದು ಹತ್ತರಲ್ಲಿ ಒಂದು ಪಾಲು ತೆಗೆದಿಡುತ್ತಾರೆ, ಅದರಿಂದಲೇ ಚೀಲಗಳು ಲಂಗರಿಗೆ ಹೋಗುತ್ತವೆ. ಅವ್ವ ಬಸವಣ್ಣನ ಕಾಯಕ, ದಾಸೋಹದ ಕಥೆ ಹೇಳಿದಳು, ಬಸವಕಲ್ಯಾಣ ನಮ್ಮ ಜಿಲ್ಲೆಯಲ್ಲೇ ಇದೆ ಎಂದಳು. ಇಬ್ಬರೂ ಹಿಂದಿಯಲ್ಲಿ ತಡವರಿಸಿದರೂ ಮಾತು ನಿಲ್ಲಲಿಲ್ಲ.

ಮಂಜು ತುಸು ಸರಿದಾಗ ಊರಲ್ಲಿ ಎರಡು ಬಿಳಿ ಗುಮ್ಮಟ ಕಂಡವು. ಇಷ್ಟು ಚಿಕ್ಕ ಊರಿಗೆ ಎರಡು ಗುರುದ್ವಾರವೇ ಎಂದು ಕೇಳಿದೆ. ಆಕೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, "ಆ ಕಡೆಯದು ಅವರದು" ಅಂದಳು. ಯಾರದು ಎಂದು ಬಿಡಿಸಿ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಪಂಜಾಬಿನ ಎಷ್ಟೋ ಹಳ್ಳಿಗಳಲ್ಲಿ ಜಮೀನುಳ್ಳವರಿಗೊಂದು, ದಲಿತರಿಗೊಂದು ಗುರುದ್ವಾರ ಇದೆ. ಹಿಂದಿನ ದಿನ ಪಂಗತ್ತಿನಲ್ಲಿ ಕೂತು ಎದ್ದ ನನಗೆ ಅದು ಸಂಕಟ ತಂತು. ಕಾರಿಗೆ ಮರಳುವಾಗ ಅವ್ವ ಅಂದಳು: "ನಮ್ಮಲ್ಲೇನು ಬ್ಯಾರೆ ಅದ? ಅಣ್ಣ ಹೇಳಿ ಎಂಟುನೂರು ವರ್ಷ ಆತು, ಓಣಿ ಇನ್ನೂ ಬ್ಯಾರೆನೇ ಅದಾವ."

ಈ ಮಾತು ಇಟ್ಟುಕೊಂಡೇ ಗೋಯಿಂದ್ವಾಲ್ ನೋಡಿದೆವು. ಬಿಯಾಸ್ ನದಿಯ ದಡದ ಈ ಊರಿನಲ್ಲಿ ಮೂರನೆಯ ಗುರು ಅಮರದಾಸರು ಕಟ್ಟಳೆಯೊಂದನ್ನು ಮಾಡಿದ್ದರು: ಮೊದಲು ಪಂಗತ್, ಆಮೇಲೆ ಸಂಗತ್. ಗುರುವನ್ನು ಕಾಣಬೇಕೆಂದರೆ ಮೊದಲು ಎಲ್ಲರ ಜೊತೆ ನೆಲದಲ್ಲಿ ಕೂತು ಉಣ್ಣಬೇಕು. ಅಕ್ಬರ್ ಬಾದಶಹನೂ ಹಾಗೆ ಕೂತು ಉಂಡು ಒಳಗೆ ಹೋದ ಎಂದು ಸಿಖ್ ಪರಂಪರೆ ಹೇಳುತ್ತದೆ. ಅಮರದಾಸರು ಸತಿ ಪದ್ಧತಿಯನ್ನೂ ಪರದಾವನ್ನೂ ವಿರೋಧಿಸಿದವರು. ಆಗಿನ ಕಾಲಕ್ಕೆ ಜಾತಿ ಬಿಟ್ಟು ನೀರು ಮುಟ್ಟುವುದೇ ದೊಡ್ಡ ಮಾತಾಗಿತ್ತು, ಅದಕ್ಕೇ ಇಲ್ಲಿ ಎಲ್ಲರಿಗೂ ಒಂದೇ ಮೆಟ್ಟಿಲುಬಾವಿ ತೋಡಿಸಿದರು. 84 ಮೆಟ್ಟಿಲು. ಭಕ್ತರು ಒಂದೊಂದು ಮೆಟ್ಟಿಲಿಗೂ ಒಮ್ಮೆ ಜಪ್‌ಜೀ ಹೇಳಿ, ಕೆಳಗಿಳಿದು ಮಿಂದು, ಮತ್ತೆ ಮುಂದಿನ ಮೆಟ್ಟಿಲಿಗೆ ಬರುತ್ತಾರೆ. ಒದ್ದೆ ಬಟ್ಟೆಯಲ್ಲಿ ನಡುಗುತ್ತ ಕೂತ ಒಬ್ಬ ಹುಡುಗ ನಡುವಿನ ಮೆಟ್ಟಿಲಲ್ಲಿದ್ದ, ಬೆಳಗಿನ ಜಾವಕ್ಕೂ ಮುಂಚೆ ಶುರು ಮಾಡಿದ್ದನಂತೆ. ಮೆಟ್ಟಿಲು ಒದ್ದೆಯಿರುತ್ತವೆ, ವಯಸ್ಸಾದವರಿದ್ದರೆ ಮೇಲಿನಿಂದಲೇ ನೋಡುವುದು ಕ್ಷೇಮ. ಅವ್ವ ಮೇಲೆ ಕೂತಳು, ನಾನು ಇಳಿದು ಬೊಗಸೆ ನೀರು ತಂದೆ.

ಆನಂದಪುರ

ಅಮೃತಸರದಿಂದ ಆನಂದಪುರ ಸಾಹಿಬಿಗೆ ಬಸ್ಸಿನಲ್ಲಿ ಹೆಚ್ಚುಕಡಿಮೆ ಇಡೀ ಹಗಲು. ಬಯಲು ಮುಗಿದು ಶಿವಾಲಿಕ್ ಗುಡ್ಡ ಶುರುವಾಗುವ ಕಡೆ, ಸಟ್ಲೆಜ್ ಬಯಲಿನ ಅಂಚಿನಲ್ಲಿ ಊರು. ಇಲ್ಲಿ ಮಂಜಿರಲಿಲ್ಲ, ಒಳ್ಳೆ ಬಿಸಿಲು. ಮೊಶೆ ಸಾಫ್ದಿ ವಿನ್ಯಾಸ ಮಾಡಿದ ವಿರಾಸತ್-ಎ-ಖಾಲ್ಸಾ ಸಂಗ್ರಹಾಲಯಕ್ಕೆ ಅರ್ಧ ದಿನ ಇಡಬೇಕು, ಸೋಮವಾರ ಮುಚ್ಚಿರುತ್ತದೆ. ನನಗೆ ಬೇಕಾಗಿದ್ದದ್ದು ಮಾತ್ರ ಗುಡ್ಡದ ಮೇಲಿನ ಕೇಸ್‌ಗಢ್ ಸಾಹಿಬ್ ಗುರುದ್ವಾರ.

1699ರ ಬೈಸಾಖಿಯ ದಿನ ಗುರು ಗೋಬಿಂದ್ ಸಿಂಗರು ತುಂಬಿದ ಸಭೆಯ ಮುಂದೆ ಕತ್ತಿ ಹಿರಿದು, ಯಾರು ತಲೆ ಕೊಡುತ್ತೀರಿ ಎಂದು ಕೇಳಿದ ಜಾಗ ಇದು. ಒಬ್ಬರಾದ ಮೇಲೆ ಒಬ್ಬರು ಐವರು ಎದ್ದರು. ಲಾಹೋರಿನ ದಯಾ ಸಿಂಗ್, ಹಸ್ತಿನಾಪುರದ ಧರಮ್ ಸಿಂಗ್, ಪುರಿಯ ಹಿಮ್ಮತ್ ಸಿಂಗ್, ದ್ವಾರಕೆಯ ಮೊಹಕಮ್ ಸಿಂಗ್, ಬೀದರಿನ ಸಾಹಿಬ್ ಸಿಂಗ್. ಖತ್ರಿ, ಜಾಟ, ನೀರು ಹೊರುವವ, ಬಟ್ಟೆಗೆ ಅಚ್ಚು ಹಾಕುವವ, ಕ್ಷೌರಿಕ. ಕಬ್ಬಿಣದ ಬಟ್ಟಲಲ್ಲಿ ನೀರು, ಅದರಲ್ಲಿ ಬತಾಸು, ಎರಡಲಗಿನ ಖಂಡಾದಿಂದ ಕಲಕಿ ಮಾಡಿದ ಅಮೃತವನ್ನು ಐವರೂ ಒಂದೇ ಬಟ್ಟಲಿನಿಂದ ಕುಡಿದರು. ಹೀಗೆ ಹುಟ್ಟಿದ್ದು ಖಾಲ್ಸಾ, ಅಂದರೆ ಅಮೃತ ಪಡೆದ ಸಿಖ್ಖರ ಸಮುದಾಯ. ಕೇಶ, ಕಂಘಾ (ಬಾಚಣಿಗೆ), ಕಡಾ (ಕೈಬಳೆ), ಕಛೇರಾ (ಚಡ್ಡಿ), ಕಿರ್ಪಾಣ್ (ಕತ್ತಿ) ಎಂಬ ಐದು ಕಕಾರಗಳು ಅದರ ಗುರುತು. ಆಮೇಲೆ ಗುರು ಆ ಐವರ ಮುಂದೆಯೇ ಕೈಜೋಡಿಸಿ, ನನಗೂ ಅಮೃತ ಕೊಡಿ ಎಂದು ಬೇಡಿ ಪಡೆದರು. ಇಡೀ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಈ ಕೊನೆಯ ಭಾಗ.

ಒಳಗೆ ಶಸ್ತ್ರಗಳ ದರ್ಶನ ಮುಗಿಸಿ, ಎರಡು ಕೈಯಲ್ಲಿ ಬಿಸಿ ಕಡಾಹ್ ಪ್ರಸಾದ ಹಿಡಿದು ಹೊರಗೆ ಬಂದೆವು. ಕಟ್ಟೆಯ ಮೇಲೆ ನೀಲಿ ಪೇಟದ ಹಿರಿಯ ನಿಹಂಗ್, ಅಂದರೆ ಸಿಖ್ ಯೋಧ ಪಂಗಡದವರು, ಒಬ್ಬರು ಬಿಸಿಲಿಗೆ ಕೂತಿದ್ದರು. "ಎಲ್ಲಿಂದ ಬಂದಿರಿ?" ಎಂದರು. ಕರ್ನಾಟಕ ಅಂದಾಗ ಸುಮ್ಮನೆ ತಲೆಯಾಡಿಸಿದರು. ಬೀದರ್ ಎಂದ ಕೂಡಲೇ ಎದ್ದು ನಿಂತರು. "ಭಾಯಿ ಸಾಹಿಬ್ ಸಿಂಗ್‌ಜೀ ಊರಿನವರು!" ಎಂದು ಸುತ್ತಲಿದ್ದವರನ್ನು ಕರೆದು ಹೇಳಿದರು. ಅವ್ವನ ಕಾಲು ಮುಟ್ಟಲು ಬಗ್ಗಿದವರನ್ನು ಅವ್ವ ಅರ್ಧಕ್ಕೇ ತಡೆದಳು. ಝೀರಾದ ನೀರು ಬೇಸಿಗೆಯಲ್ಲೂ ಬರುತ್ತದೆಯೇ, ಜನವಾಡದಲ್ಲಿ ಮಾಯಿ ಭಾಗೋ ಅವರ ಗುರುದ್ವಾರ ನೋಡಿದ್ದೀರಾ ಎಂದು ಕೇಳುತ್ತಲೇ ಹೋದರು. ಯುದ್ಧಭೂಮಿಯಲ್ಲಿ ಕತ್ತಿ ಹಿಡಿದ ಆ ತಾಯಿ ಕೊನೆಗಾಲ ಕಳೆದದ್ದು ನಮ್ಮ ಜನವಾಡದಲ್ಲಿ. ಅಲ್ಲಿಗೆ ಹೋಗಿದ್ದೇವೆ, ಬೀದರಿನಿಂದ ಹತ್ತಿರ ಎಂದು ಅವ್ವ ದಾರಿಯನ್ನೂ ಹೇಳಿಕೊಟ್ಟಳು.

ನಾನು ಹಳ್ಳಿಯ ಎರಡು ಗುಮ್ಮಟದ ವಿಷಯ ಎತ್ತಿದೆ. ನಿಹಂಗ್ ಸಿಟ್ಟಾಗಲಿಲ್ಲ, ಸಮಜಾಯಿಷಿಯನ್ನೂ ಕೊಡಲಿಲ್ಲ. "ಗುರು ಬಟ್ಟಲು ಒಂದೇ ಇಟ್ಟರು. ಎರಡು ಮಾಡಿದವರು ನಾವು. ನೀವು ಕೇಳುತ್ತಲೇ ಇರಿ ಪುತ್ತರ್, ನಾವು ಉತ್ತರ ಕೊಡಬೇಕು" ಅಂದರು.

ಚಮ್‌ಕೌರ್

ಮರುದಿನ ವಾಪಸು ಬರುವ ದಾರಿಯಲ್ಲಿ ಚಮ್‌ಕೌರ್ ಸಾಹಿಬಿಗೆ ಹೋಗಬೇಕೆಂದು ಸೂಚಿಸಿದವರೂ ಅವರೇ. ಬೀದರಿನ ಸಾಹಿಬ್ ಸಿಂಗರು ತೀರಿಕೊಂಡದ್ದು ಇಲ್ಲಿ. 1704ರ ಚಳಿಗಾಲದಲ್ಲಿ ಗುರು ಆನಂದಪುರ ಬಿಟ್ಟು ಬಂದು ಇಲ್ಲಿಯ ಮಣ್ಣಿನ ಗಢಿಯಲ್ಲಿ ತಂಗಿದ್ದಾಗ ಜೊತೆಗಿದ್ದವರು ಸುಮಾರು ನಲವತ್ತು ಜನ. ಸುತ್ತ ದೊಡ್ಡ ಸೈನ್ಯ. ಗುರುವಿನ ಹಿರಿಯ ಮಕ್ಕಳಾದ ಅಜಿತ್ ಸಿಂಗ್, ಜುಝಾರ್ ಸಿಂಗ್ ಹೋರಾಡಿ ಮಡಿದರು. ಪಂಜ್ ಪ್ಯಾರೇ ಎಂದು ಕರೆಯುವ ಆ ಮೊದಲ ಐವರಲ್ಲಿ ಹಿಮ್ಮತ್ ಸಿಂಗ್, ಮೊಹಕಮ್ ಸಿಂಗ್, ಸಾಹಿಬ್ ಸಿಂಗ್ ಮೂವರೂ ಮಡಿದರು. ಉಳಿದ ಸಿಖ್ಖರು ಖಾಲ್ಸಾದ ಹೆಸರಲ್ಲಿ ಅಪ್ಪಣೆ ಮಾಡಿ ಗುರುವನ್ನು ಅಲ್ಲಿಂದ ಹೊರಡಿಸಿದರು. ಗುರುವೇ ಐವರ ಕೈಯಿಂದ ಅಮೃತ ಬೇಡಿ ಪಡೆದವರು, ಹಾಗಾಗಿ ಅವರಿಗೆ ಅಪ್ಪಣೆ ಮಾಡುವ ಹಕ್ಕಿತ್ತು, ಗುರು ಅದನ್ನು ಕೇಳಲೂಬೇಕಿತ್ತು.

ಕತಲ್‌ಗಢ್ ಸಾಹಿಬ್ ಗುರುದ್ವಾರದಲ್ಲಿ ಆಗ ಅರ್ದಾಸ್ ನಡೆಯುತ್ತಿತ್ತು. ಎಲ್ಲರೂ ಎದ್ದು ಕೈಮುಗಿದು ನಿಂತಿದ್ದರು. ಪಂಜ್ ಪ್ಯಾರೇ, ಗುರುವಿನ ಮಕ್ಕಳಾದ ನಾಲ್ವರು ಸಾಹಿಬ್‌ಜಾದೇ, ನಲವತ್ತು ಮುಕ್ತರು ಎಂದು ಒಬ್ಬೊಬ್ಬರನ್ನಾಗಿ ನೆನೆಯುತ್ತ, ಪ್ರತಿ ಸಲ ಸಂಗತ್ ಒಂದೇ ದನಿಯಲ್ಲಿ "ವಾಹೆಗುರು" ಎನ್ನುತ್ತಿತ್ತು. ಸತ್ತವರನ್ನು ಕೂತು ನೆನೆಯುವುದು ಹೇಗೆ? ಕೊನೆಯ ಸಾಲು ಸರ್ಬತ್ ದಾ ಭಲಾ, ಎಲ್ಲರಿಗೂ ಒಳಿತಾಗಲಿ. ಎಲ್ಲರಿಗೂ ಅಂದರೆ ಸಿಖ್ಖರಿಗೆ ಮಾತ್ರವಲ್ಲ. ಅರ್ದಾಸ್ ಮುಗಿದ ಮೇಲೆ ಅವ್ವ ಗ್ರಂಥಿಯ ಬಳಿ ಹೋಗಿ, ತಾನು ಎಲ್ಲಿಂದ ಬಂದವಳೆಂದು ಹೇಳಿ, ಸಾಹಿಬ್ ಸಿಂಗರ ಹೆಸರಿನಲ್ಲಿ ಲಂಗರಿಗೆ ಗೋಧಿ ಕೊಡಬೇಕು, ಯಾರ ಕೈಗೆ ಕೊಡಲಿ ಎಂದು ಕೇಳಿದಳು. ಅವರು ರಸೀದಿ ಪುಸ್ತಕ ತೆಗೆದು, ಊರಿನ ಹೆಸರು ಇನ್ನೊಮ್ಮೆ ಕೇಳಿ, ಗುರುಮುಖಿಯಲ್ಲಿ ಬರೆದುಕೊಂಡರು.